ಹದಿಹರೆಯದ ಬಸಿರು, ಅರ್ಧಕ್ಕೆ ನಿಂತ ಓದು: ಸಮುದಾಯ ಸಂಶೋಧನೆಯಲ್ಲಿ ಕುಟುಂಬಗಳನ್ನು ಜೊತೆಗೂಡಿಸಿಕೊಳ್ಳುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತಮ್ಮ ಸುತ್ತಲಿನ ಹೆಣ್ಣುಮಕ್ಕಳು ಯಾಕೆ ಶಾಲೆ ಬಿಡುತ್ತಿದ್ದಾರೆ, ಚಿಕ್ಕ ವಯಸ್ಸಿಗೇ ಯಾಕೆ ತಾಯಂದಿರಾಗುತ್ತಿದ್ದಾರೆ ಎಂದು ತಿಳಿಯಲು ಹೊರಟ ಶಿಕ್ಷಕರು, ಆರೋಗ್ಯ ಕಾರ್ಯಕರ್ತರು, ಸಮಾಜಕಾರ್ಯದ ವಿದ್ಯಾರ್ಥಿಗಳು, ಯುವಕ ಸಂಘದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಉತ್ತರಗಳಲ್ಲಿ ಕೆಲವು ಓದಿ ತಿಳಿದವು, ಕೆಲವು ನಮ್ಮ ತಂಡ ಪೆಟ್ಟು ತಿಂದು ಕಲಿತವು.

ವಿಷಯ ಹುಡುಗಿಯದು. ಅವಳನ್ನೇ ಕೇಳಿದರಾಯಿತಲ್ಲ, ಮನೆಯವರೆಲ್ಲ ಯಾಕೆ?

ಯಾಕೆಂದರೆ ಓದು ನಿಲ್ಲಿಸುವ ತೀರ್ಮಾನ ಅವಳೊಬ್ಬಳದೇ ಆಗಿರುವುದು ಅಪರೂಪ. ಹಣ ಹೊಂದಿಸಿದವರು ಒಬ್ಬರು, ಬೇಡ ಅಂದವರು ಇನ್ನೊಬ್ಬರು, ಮನೆಗೆಲಸಕ್ಕೆ ಕೈ ಬೇಕಾಗಿದ್ದದ್ದು ಮತ್ತೊಬ್ಬರಿಗೆ. ಹುಡುಗಿಗೆ ಗೊತ್ತಿರುವುದು ಅವಳಿಗೆ ಹೇಳಿದ್ದು ಮಾತ್ರ. ರಾತ್ರಿ ದೊಡ್ಡವರು ಕೂತು ಏನು ಲೆಕ್ಕ ಹಾಕಿದರು ಎನ್ನುವುದು ಅವಳಿಗೆ ತಿಳಿದಿರಬೇಕೆಂದಿಲ್ಲ. ಹಾಗೆಯೇ ಮನೆಯವರಿಗೆ ಅವಳ ಶಾಲೆಯ ದಾರಿ, ಗೆಳೆತನ, ಭಯ ಇವು ಗೊತ್ತಿರುವುದಿಲ್ಲ. ಇಬ್ಬರ ಹತ್ತಿರವೂ ಅರ್ಧರ್ಧ ಕಥೆ ಇದೆ.

ಹೆಚ್ಚಿನ ತಂಡಗಳು ಕುಟುಂಬವನ್ನು ಎರಡೇ ರೀತಿ ನೋಡುತ್ತವೆ. ಒಂದೋ ಹುಡುಗಿಯನ್ನು ತಲುಪಲು ದಾಟಬೇಕಾದ ಬಾಗಿಲು, ಇಲ್ಲವೇ ತಪ್ಪಿತಸ್ಥರು. ಎರಡೂ ನೋಟಗಳು ಕೆಲಸ ಕೆಡಿಸುತ್ತವೆ. ತಮ್ಮನ್ನು ಕಟಕಟೆಯಲ್ಲಿ ನಿಲ್ಲಿಸಿದ್ದಾರೆ ಅನ್ನಿಸಿದ ತಾಯಿ ನಿಮಗೆ ಏನನ್ನೂ ಹೇಳುವುದಿಲ್ಲ. ಹೇಳಿದರೂ ನೀವು ಕೇಳಬಯಸುವುದನ್ನೇ ಹೇಳುತ್ತಾಳೆ.

ಸಮುದಾಯ ಸಂಶೋಧನೆ ಅಂದರೆ ಮನೆಮನೆ ಸಮೀಕ್ಷೆ ತಾನೇ?

ಅಲ್ಲ. ಸಮೀಕ್ಷೆಯಲ್ಲಿ ಪ್ರಶ್ನೆ ನಿಮ್ಮದು, ಉತ್ತರ ಅವರದು, ತೀರ್ಮಾನ ಮತ್ತೆ ನಿಮ್ಮದು. ಸಮುದಾಯ ಸಂಶೋಧನೆಯಲ್ಲಿ ಯಾವ ಪ್ರಶ್ನೆ ಕೇಳಬೇಕು ಎನ್ನುವಲ್ಲಿಂದಲೇ ಅವರಿಗೆ ಪಾಲಿದೆ. ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ 1946ರಲ್ಲಿ ‘ಕ್ರಿಯಾ ಸಂಶೋಧನೆ’ಯ, ಅಂದರೆ ಬದಲಾವಣೆಗೆ ಕೈಹಾಕುತ್ತಲೇ ಅಧ್ಯಯನ ಮಾಡುವುದರ, ಬಗ್ಗೆ ಬರೆದರು, ಕೊಲಂಬಿಯಾದ ಸಮಾಜಶಾಸ್ತ್ರಜ್ಞ ಒರ್ಲಾಂಡೊ ಫಾಲ್ಸ್ ಬೋರ್ಡಾ 1970ರ ದಶಕದಲ್ಲಿ ಅದಕ್ಕೆ ‘ಸಹಭಾಗಿ’ ಎಂಬ ಗುಣವನ್ನು ಗಟ್ಟಿಯಾಗಿ ಸೇರಿಸಿದವರಲ್ಲಿ ಒಬ್ಬರು. 1969ರಲ್ಲಿ ಶೆರ್ರಿ ಆರ್ನ್‌ಸ್ಟೈನ್ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ಚಿತ್ರಿಸಿದರು. ಕೆಳಗಿನ ಮೆಟ್ಟಿಲಲ್ಲಿ ಜನರನ್ನು ಬರೀ ಆಡಿಸುವುದು, ಮೇಲಿನದರಲ್ಲಿ ಅಧಿಕಾರ ಅವರ ಕೈಯಲ್ಲೇ ಇರುವುದು.

ನಿಮ್ಮ ಕೆಲಸ ಯಾವ ಮೆಟ್ಟಿಲಲ್ಲಿದೆ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ: ಮನೆಯವರು ಹೇಳಿದ್ದರಿಂದ ನಿಮ್ಮ ಪ್ರಶ್ನಾವಳಿಯಲ್ಲಿ ಒಂದಾದರೂ ಪ್ರಶ್ನೆ ಬದಲಾಯಿತೇ? ಇಲ್ಲವೆಂದರೆ ಅವರು ಸಭೆಗೆ ಬಂದರು ಅಷ್ಟೇ.

ಬಸುರಿಯಾದಳು, ಅದಕ್ಕೇ ಶಾಲೆ ಬಿಟ್ಟಳು. ಇದರಲ್ಲಿ ಸಂಶೋಧಿಸುವುದೇನಿದೆ?

ಈ ಪ್ರಶ್ನೆ ಕೇಳಿದವರೆಲ್ಲ ಸ್ವಲ್ಪ ಹೊತ್ತು ಇಲ್ಲೇ ನಿಲ್ಲಬೇಕು. ಇಡೀ ಅಧ್ಯಯನ ತಿರುಗುವ ಕೀಲು ಇದು.

ಎಷ್ಟೋ ಹುಡುಗಿಯರ ವಿಷಯದಲ್ಲಿ ಕ್ರಮ ತಿರುಗುಮುರುಗಾಗಿರುತ್ತದೆ. ಶಾಲೆ ಮೊದಲು ಕೈಬಿಟ್ಟಿರುತ್ತದೆ, ಬಸಿರು ಆಮೇಲೆ ಬಂದಿರುತ್ತದೆ. ಓದು ನಿಂತ ಮೇಲೆ ಮದುವೆಯ ಮಾತು ಹತ್ತಿರವಾಗುತ್ತದೆ. ದಿನ ತುಂಬ ಮನೆಯಲ್ಲೋ ಕೂಲಿಯಲ್ಲೋ ಕಳೆಯುತ್ತದೆ. ‘ಪರೀಕ್ಷೆ ಇದೆ’ ಎನ್ನುವ ನೆಪವೂ ಅವಳ ಕೈಯಲ್ಲಿರುವುದಿಲ್ಲ. ಇನ್ನು ಕೆಲವರಲ್ಲಿ ಎರಡಕ್ಕೂ ಮೂಲ ಬೇರೆಯೇ: ಬಡತನ, ಮನೆಯಲ್ಲೊಂದು ಸಾವು, ದೌರ್ಜನ್ಯ. ಬಸಿರೇ ನೇರವಾಗಿ ಓದನ್ನು ನಿಲ್ಲಿಸಿದ ಪ್ರಸಂಗಗಳೂ ಖಂಡಿತ ಇವೆ. ಯಾವ ಮನೆಯಲ್ಲಿ ಯಾವುದಾಯಿತು ಎಂದು ನೋಡದೆ ‘ಬಸಿರು ತಡೆದರೆ ಶಾಲೆ ಉಳಿಯುತ್ತದೆ’ ಎಂದು ಯೋಜನೆ ಬರೆದರೆ, ಮೊದಲೇ ಶಾಲೆ ಬಿಟ್ಟವಳು ಅದರಲ್ಲಿ ಎಲ್ಲೂ ಕಾಣುವುದಿಲ್ಲ.

ಇದಕ್ಕೆ ನಾವು ಬಳಸುವುದು ಜೀವನ ಕ್ಯಾಲೆಂಡರ್. ದೊಡ್ಡ ಹಾಳೆಯೊಂದನ್ನು ಹಾಸಿ, ಅಡ್ಡಡ್ಡ ಗೆರೆ ಎಳೆದು, ಹಿಂದಿನ ಮೂರು ನಾಲ್ಕು ವರ್ಷಗಳನ್ನು ತಿಂಗಳ ಲೆಕ್ಕದಲ್ಲಿ ಗುರುತು ಹಾಕುವುದು. ಜನರಿಗೆ ತಾರೀಕು ನೆನಪಿರುವುದಿಲ್ಲ, ಘಟನೆ ನೆನಪಿರುತ್ತದೆ. ಮನೆ ಬದಲಾಯಿಸಿದ್ದು, ಅಜ್ಜ ತೀರಿಕೊಂಡದ್ದು, ಚಿಕ್ಕವನು ಹುಟ್ಟಿದ್ದು. ಅವನ್ನು ಮೊದಲು ಬರೆದುಕೊಂಡು, ಶಾಲೆಯ ವಿಷಯವನ್ನು ಅದರ ಪಕ್ಕದಲ್ಲಿ ಇಡಿ.

ಒಂದು ಮನೆಯಲ್ಲಿ ತಾಯಿ ಬಾಯಿ ಬಿಟ್ಟಾಗಿನಿಂದ ಒಂದೇ ಮಾತು: “ಬಸುರಾದ್ಲು, ಶಾಲೆ ಬಿಡ್ಸಿದ್ವಿ.” ಹಾಳೆ ಹಾಸಿ ಕೂತೆವು. ಮೊಮ್ಮಗು ಹುಟ್ಟಿದ್ದು ನವೆಂಬರ್‌ನಲ್ಲಿ. ಬೆರಳು ಮಡಚುತ್ತ ಒಂಬತ್ತು ತಿಂಗಳು ಹಿಂದಕ್ಕೆ ಎಣಿಸಿದರೆ ಫೆಬ್ರವರಿ. ಆಮೇಲೆ ಆಕೆಯೇ ಎದ್ದು ಒಳಗೆ ಹೋಗಿ, ಬಟ್ಟೆಗಳ ಕೆಳಗಿಟ್ಟಿದ್ದ ಮಗಳ ಅಂಕಪಟ್ಟಿ ತಂದರು. ಮಡಿಕೆ ಬಿದ್ದಲ್ಲಿ ಸವೆದು ಎರಡು ತುಂಡಾಗುವಂತಿತ್ತು. ಹಾಜರಾತಿಯ ಸಾಲಿನಲ್ಲಿ ಹಿಂದಿನ ವರ್ಷದ ಆಗಸ್ಟ್‌ನಿಂದಲೇ ಒಂದಂಕಿ. ಆಕೆ ಹಾಳೆಯ ಮೇಲೆ ಬೆರಳಿಟ್ಟು ಸುಮಾರು ಹೊತ್ತು ಸುಮ್ಮನಿದ್ದು, “ಆಗ ನಾನು ಆಸ್ಪತ್ರೆಯಲ್ಲಿದ್ದೆ. ಚಿಕ್ಕವನ್ನ ಅವಳೇ ನೋಡ್ಕೊಂಡ್ಲು” ಅಂದರು. ಆ ಮನೆಯ ಮಟ್ಟಿಗೆ ನಮ್ಮ ಪ್ರಶ್ನೆಯೇ ಬದಲಾಯಿತು. ಆರು ತಿಂಗಳು ಹುಡುಗಿ ಸರಿಯಾಗಿ ಶಾಲೆಗೆ ಬಾರದಿದ್ದಾಗ ಯಾರೂ ಯಾಕೆ ವಿಚಾರಿಸಲಿಲ್ಲ?

ಎಣಿಕೆಗೆ ಒಂದು ಎಚ್ಚರಿಕೆ. ವೈದ್ಯರು ಗರ್ಭದ ವಾರಗಳನ್ನು ಕೊನೆಯ ಮುಟ್ಟಿನ ದಿನದಿಂದ ಲೆಕ್ಕ ಹಾಕುತ್ತಾರೆ, ಅದು ಸುಮಾರು 40 ವಾರ. ಗರ್ಭ ನಿಂತದ್ದು ಅದರ ಎರಡು ವಾರದ ನಂತರ. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ಲೆಕ್ಕ ಇನ್ನೂ ಆಚೀಚೆ ಆಗುತ್ತದೆ. ಹಾಗಾಗಿ ಎರಡು ಘಟನೆಗಳ ನಡುವೆ ಒಂದು ತಿಂಗಳಷ್ಟೇ ಅಂತರವಿದ್ದರೆ ಯಾವುದು ಮೊದಲು ಎಂದು ಹಟ ಹಿಡಿಯಬೇಡಿ.

ಸಮಸ್ಯೆ ನಿಜಕ್ಕೂ ಅಷ್ಟು ದೊಡ್ಡದೇ?

ವಿಶ್ವ ಆರೋಗ್ಯ ಸಂಸ್ಥೆ 10ರಿಂದ 19 ವರ್ಷದವರನ್ನು ಹದಿಹರೆಯದವರೆಂದು ಕರೆಯುತ್ತದೆ. ಅದರ ಅಂದಾಜಿನಂತೆ 2019ರಲ್ಲಿ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 15ರಿಂದ 19 ವರ್ಷದ ಸುಮಾರು 2.1 ಕೋಟಿ ಹುಡುಗಿಯರು ಗರ್ಭಿಣಿಯರಾದರು. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಬಯಸದೆ ಬಂದದ್ದು. ಹೆರಿಗೆಗಳು ಸುಮಾರು 1.2 ಕೋಟಿ. ಜಗತ್ತಿನ ಮಟ್ಟದಲ್ಲಿ ಈ ವಯಸ್ಸಿನ ಸಾವಿರ ಹುಡುಗಿಯರಿಗೆ 2000ದಲ್ಲಿ 64.5 ಇದ್ದ ಹೆರಿಗೆ ಪ್ರಮಾಣ 2023ಕ್ಕೆ 41.3ಕ್ಕೆ ಇಳಿದಿದೆ. ಇಳಿಕೆ ಎಲ್ಲ ಕಡೆ ಒಂದೇ ಸಮನಾಗಿಲ್ಲ. ನಿಮ್ಮ ಸಮುದಾಯದ ಚಿತ್ರ ಈ ಸರಾಸರಿಯಿಂದ ಸಿಗುವುದಿಲ್ಲ, ಅದಕ್ಕೇ ತಾನೇ ನೀವು ಹೊರಟಿರುವುದು.

ಮನೆಯವರನ್ನು ಮೊದಲ ಸಲ ಹೇಗೆ ಮಾತಾಡಿಸಬೇಕು?

ಹೇಗೆ ಮಾತಾಡಿಸಬಾರದು ಎಂದು ಮೊದಲು ಹೇಳುತ್ತೇನೆ, ಯಾಕೆಂದರೆ ಅದನ್ನು ಮಾಡಿದವರು ನಾವೇ. ಮೊದಮೊದಲು ನಮ್ಮ ತಂಡ ಚಿಕ್ಕ ವಯಸ್ಸಿನ ತಾಯಂದಿರ ಪಟ್ಟಿ ಇಟ್ಟುಕೊಂಡು ನೇರವಾಗಿ ಅವರ ಮನೆಗಳಿಗೇ ಹೋಯಿತು. ಎಲ್ಲರ ಹೆಗಲಲ್ಲೂ ಒಂದೇ ಬಣ್ಣದ ಚೀಲ. ಸಂಜೆಯೊಳಗೆ ಬೀದಿಯವರೆಲ್ಲ ಆ ಚೀಲ ಯಾವ ಯಾವ ಮನೆ ಹೊಕ್ಕಿತು ಎಂದು ಎಣಿಸಿ ಮುಗಿಸಿದ್ದರು. ಅದುವರೆಗೆ ಗುಟ್ಟಾಗಿದ್ದ ಒಂದು ಮನೆಯ ವಿಷಯ ನಮ್ಮಿಂದಲೇ ಬೀದಿಗೆ ಬಂತು. ಒಪ್ಪಿಗೆ ಪತ್ರದಲ್ಲಿ ಗೌಪ್ಯತೆ ಕಾಪಾಡುತ್ತೇವೆಂದು ದಪ್ಪಕ್ಷರದಲ್ಲೇ ಅಚ್ಚು ಹಾಕಿಸಿದ್ದೆವು.

ಈಗ ಹದಿಹರೆಯದ ಮಕ್ಕಳಿರುವ ಎಲ್ಲ ಮನೆಗಳಿಗೂ ಹೋಗುತ್ತೇವೆ. ಬೀದಿಯಲ್ಲಿ ಆಡುವ ಮಾತು ‘ಮಕ್ಕಳ ಓದು ಮತ್ತು ಆರೋಗ್ಯ’ದ ಬಗ್ಗೆ. ಇದು ಮೋಸವಲ್ಲವೇ ಎಂದು ಕೆಲವರು ಕೇಳುತ್ತಾರೆ. ಒಳಗೆ ಕೂತ ಮೇಲೆ, ಒಪ್ಪಿಗೆ ಕೇಳುವ ಮೊದಲು, ಬಸಿರಿನ ಪ್ರಶ್ನೆಗಳೂ ಇವೆ ಎಂದು ಬಿಡಿಸಿ ಹೇಳದಿದ್ದರೆ ಖಂಡಿತ ಮೋಸ. ಹೇಳಿದರೆ ಅಲ್ಲ. ಬೀದಿಗೆ ಎಲ್ಲವನ್ನೂ ಹೇಳುವ ಋಣ ನಮಗಿಲ್ಲ.

ಮೊದಲ ಭೇಟಿಯಲ್ಲಿ ಪೆನ್ನು ತೆಗೆಯಬೇಡಿ. ‘ಹುಡುಗಿ ಶಾಲೆಗೆ ಹೋಗುತ್ತಿದ್ದಾಗ ಯಾವ ವಿಷಯ ಅವಳಿಗೆ ಇಷ್ಟವಾಗಿತ್ತು?’ ಎಂದು ಕೇಳಿ ನೋಡಿ. ಮಗಳ ಬಗ್ಗೆ ಯಾರಾದರೂ ಒಳ್ಳೆಯದನ್ನು ಕೇಳಿ ಎಷ್ಟೋ ಕಾಲವಾಗಿರುತ್ತದೆ.

“ನಮ್ಮನೇಲಿ ಅಂಥದ್ದೇನಿಲ್ಲ” ಎಂದು ಬಾಗಿಲು ಹಾಕಿದರೆ?

ನಮಸ್ಕಾರ ಹೇಳಿ ಮುಂದಿನ ಮನೆಗೆ ನಡೆಯಿರಿ. ಎರಡನೇ ಸಲ ಬೇಕಾದರೆ ಹೋಗಬಹುದು, ಮೂರನೇ ಸಲ ಹೋದರೆ ಅದು ಕಾಟ. ಅಂಕಿ ತುಂಬಿಸುವ ಒತ್ತಡಕ್ಕೆ ನೆರೆಯವರನ್ನು ಕೇಳಿ ಆ ಮನೆಯ ವಿವರ ಬರೆದುಕೊಳ್ಳುವ ಚಾಳಿ ಕೆಲವು ತಂಡಗಳಿಗಿದೆ. ಅದು ಸಂಶೋಧನೆಯಲ್ಲ, ಚಾಡಿ.

ಒಪ್ಪಿಗೆ ಯಾರದು ಬೇಕು? ತಾಯಿತಂದೆಯದೋ, ಹುಡುಗಿಯದೋ?

ಸಾಮಾನ್ಯವಾಗಿ ಎರಡೂ. ಕಾನೂನಿನ ಲೆಕ್ಕದಲ್ಲಿ ಇನ್ನೂ ವಯಸ್ಕಳಲ್ಲದಿದ್ದರೆ ಪೋಷಕರ ಅನುಮತಿ ಬೇಕು, ಅದರ ಜೊತೆಗೆ ಅವಳ ಸ್ವಂತ ಸಮ್ಮತಿಯೂ ಬೇಕು. ಅಪ್ಪ ಸಹಿ ಹಾಕಿದ್ದಾರೆ ಎಂದ ಮಾತ್ರಕ್ಕೆ ಮಗಳು ಬಾಯಿ ಬಿಡಲೇಬೇಕೆಂದಿಲ್ಲ. ಅವಳ ‘ಬೇಡ’ಕ್ಕೆ ಅಪ್ಪನ ‘ಹೂಂ’ಗಿಂತ ತೂಕ ಹೆಚ್ಚು. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಅಭಿಪ್ರಾಯಕ್ಕೆ ವಯಸ್ಸು ಮತ್ತು ಪ್ರೌಢತೆಗೆ ತಕ್ಕ ಬೆಲೆ ಕೊಡಬೇಕೆನ್ನುತ್ತದೆ.

ಇದಕ್ಕೊಂದು ಮುಖ್ಯ ವಿನಾಯಿತಿ ಇದೆ. ಅಧ್ಯಯನದ ವಿಷಯ ಮನೆಯವರಿಗೆ ಗೊತ್ತಾದರೇ ಹುಡುಗಿಗೆ ಅಪಾಯ ಎನ್ನುವಂತಿದ್ದರೆ, ಪೋಷಕರ ಅನುಮತಿಯನ್ನು ನೈತಿಕ ಪರಿಶೀಲನಾ ಸಮಿತಿ (ಸಂಶೋಧನೆಯಿಂದ ಭಾಗವಹಿಸುವವರಿಗೆ ಕೆಡುಕಾಗದಂತೆ ನೋಡುವ ಸಮಿತಿ) ಮನ್ನಾ ಮಾಡಬಹುದು ಎಂದು ವೈದ್ಯಕೀಯ ವಿಜ್ಞಾನ ಸಂಸ್ಥೆಗಳ ಅಂತರರಾಷ್ಟ್ರೀಯ ಮಂಡಳಿಯಾದ ಸಿಐಒಎಂಎಸ್‌ನ 2016ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಮನ್ನಾ ಮಾಡುವುದು ಸಮಿತಿ, ನೀವಲ್ಲ. ದೇಶದಿಂದ ದೇಶಕ್ಕೆ ಕಾನೂನು ಬೇರೆ ಇರುವುದರಿಂದ ಕೆಲಸ ಶುರುವಾಗುವ ಮೊದಲೇ ಇದನ್ನು ಬರಹದಲ್ಲಿ ಬಗೆಹರಿಸಿಕೊಳ್ಳಿ. ತಾನೇ ತಾಯಿಯಾಗಿರುವ, ಮದುವೆಯಾಗಿರುವ ಹುಡುಗಿಯ ಒಪ್ಪಿಗೆಯನ್ನು ಹೇಗೆ ಪರಿಗಣಿಸಬೇಕು ಎನ್ನುವುದೂ ಇದರಲ್ಲೇ ಬರಲಿ.

ತಾಯಿ ಮಗಳನ್ನು ಒಟ್ಟಿಗೆ ಕೂರಿಸಿ ಮಾತಾಡಿಸಬಹುದೇ?

ಕ್ಯಾಲೆಂಡರಿಗೆ, ಶಾಲೆಯ ಮಾತಿಗೆ ಕೂರಿಸಬಹುದು, ಚೆನ್ನಾಗಿಯೇ ಇರುತ್ತದೆ. ಒಬ್ಬರು ಮರೆತದ್ದನ್ನು ಇನ್ನೊಬ್ಬರು ತಿದ್ದುತ್ತಾರೆ. ಸಂಬಂಧ, ಬಸಿರು, ಗರ್ಭನಿರೋಧಕ ಇವುಗಳ ಮಾತಿಗೆ ಬೇಡವೇ ಬೇಡ. ಇಬ್ಬರನ್ನೂ ಬೇರೆ ಬೇರೆ, ಸಾಧ್ಯವಾದರೆ ಇಬ್ಬರು ಕಾರ್ಯಕರ್ತೆಯರು ಒಂದೇ ಹೊತ್ತಿಗೆ ಮಾತಾಡಿಸಲಿ. ಆಗ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುವ ಅವಕಾಶವಿರುವುದಿಲ್ಲ.

ಆಮೇಲೆ ತಾಯಿ ನಿಮ್ಮನ್ನು ಬಾಗಿಲ ತನಕ ಬಿಡಲು ಬಂದು, ದನಿ ತಗ್ಗಿಸಿ, “ಏನಂದ್ಲು ಅವಳು?” ಎಂದು ಕೇಳುತ್ತಾಳೆ. ಕೇಳಿಯೇ ಕೇಳುತ್ತಾಳೆ. ಉತ್ತರವನ್ನು ಮನೆಯಿಂದ ಹೊರಡುವ ಮೊದಲೇ ಅಭ್ಯಾಸ ಮಾಡಿಕೊಂಡಿರಿ. ನಮ್ಮವರು ಹೇಳುವುದು ಇಷ್ಟೇ: “ನೀವಂದಿದ್ದನ್ನ ಅವಳಿಗೆ ಹೇಳಲ್ಲ ಅಮ್ಮಾ, ಅವಳಂದಿದ್ದನ್ನ ನಿಮಗೂ ಹೇಳಲ್ಲ.” ಕೋಪ ಬರುವುದಿಲ್ಲ, ಆಶ್ಚರ್ಯವೇನೆಂದರೆ ಎಷ್ಟೋ ತಾಯಂದಿರಿಗೆ ಸಮಾಧಾನವೇ ಆಗುತ್ತದೆ.

ತಂದೆ, ಅಣ್ಣ, ಅಜ್ಜಿ ಇವರೆಲ್ಲ ಬೇಕೇ?

ಬೇಕು. ‘ಕುಟುಂಬ’ ಎಂದು ಬರೆದು ಬರೀ ತಾಯಿಯನ್ನು ಮಾತಾಡಿಸಿ ಬರುವುದು ಈ ಕ್ಷೇತ್ರದ ಹಳೆಯ ಸೋಮಾರಿತನ. ಹಗಲು ಹೊತ್ತು ಹೋದರೆ ಮನೆಯಲ್ಲಿ ಸಿಗುವವರು ಆಕೆಯೇ. ತಂದೆ ಸಿಗಬೇಕೆಂದರೆ ಅವರ ಕೆಲಸ ಮುಗಿಯುವ ಹೊತ್ತಿಗೆ ನೀವು ಹೋಗಬೇಕು. ತಂದೆಯರು ಗುಂಪಿನಲ್ಲಿ ಗತ್ತಿನಿಂದ ಮಾತಾಡುತ್ತಾರೆ, ಒಬ್ಬರೇ ಸಿಕ್ಕಾಗ ಬೇರೆಯೇ ಮಾತಾಡುತ್ತಾರೆ. ಎರಡನೆಯದೇ ನಿಮಗೆ ಬೇಕಾದದ್ದು.

ಅಜ್ಜಿಯರನ್ನು ಮರೆಯಬೇಡಿ. ಹುಡುಗಿ ಮತ್ತೆ ಶಾಲೆಗೆ ಹೋಗಬೇಕಾದರೆ ಮಗುವನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಹಲವು ಮನೆಗಳಲ್ಲಿ ಅವರೇ. ಅಪ್ಪಅಮ್ಮನ ಜೊತೆ ಇಲ್ಲದ ಹುಡುಗಿಯರಿಗೆ ಚಿಕ್ಕಮ್ಮನೋ ಸೋದರಮಾವನೋ ಪೋಷಕರು. ‘ನಿನ್ನನ್ನು ನೋಡಿಕೊಳ್ಳುವವರು ಯಾರು?’ ಎಂದು ಹುಡುಗಿಯನ್ನೇ ಕೇಳಿ, ಅವಳು ಹೇಳಿದ ಹೆಸರನ್ನೇ ಕುಟುಂಬ ಎಂದು ಬರೆದುಕೊಳ್ಳಿ.

ಹುಡುಗನ ಬಗ್ಗೆ ಕೇಳಬೇಕೇ?

ಹೆಸರು ಬೇಡ. ಆದರೆ ಅವನೂ ಓದು ಬಿಟ್ಟನೇ, ಅವನ ಮನೆಯವರು ಏನು ಮಾಡಿದರು, ವಯಸ್ಸಿನ ಅಂತರ ಎಷ್ಟು ಎಂಬುವು ಸಂಶೋಧನೆಗೆ ಬೇಕಾದ ಪ್ರಶ್ನೆಗಳೇ. ಹುಡುಗಿಯ ಹಾಜರಾತಿಯನ್ನು ವಾರವಾರ ಲೆಕ್ಕ ಹಾಕುವ ವರದಿಗಳಲ್ಲಿ ಹುಡುಗ ಒಂದು ವಾಕ್ಯಕ್ಕೂ ಸಿಗುವುದಿಲ್ಲ ಎನ್ನುವುದೇ ಒಂದು ಮಾಹಿತಿ.

ಮಾತಿನ ನಡುವೆ ದೌರ್ಜನ್ಯ ನಡೆದಿದೆ ಎಂದು ತಿಳಿದರೆ?

ಆ ಕ್ಷಣಕ್ಕೆ ಸಂಶೋಧನೆ ನಿಲ್ಲುತ್ತದೆ, ಅವಳ ಸುರಕ್ಷತೆ ಶುರುವಾಗುತ್ತದೆ. ಹಲವು ದೇಶಗಳಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದವರು ಸಂಬಂಧಪಟ್ಟವರಿಗೆ ವರದಿ ಮಾಡಲೇಬೇಕೆಂಬ ಕಾನೂನಿದೆ. ಹೀಗಿರುವಾಗ ‘ನೀನು ಹೇಳಿದ್ದು ಯಾರಿಗೂ ಗೊತ್ತಾಗುವುದಿಲ್ಲ’ ಎಂದು ಮೊದಲೇ ಮಾತು ಕೊಟ್ಟುಬಿಟ್ಟರೆ ಅದು ಸುಳ್ಳಾಗುತ್ತದೆ. ಒಪ್ಪಿಗೆ ಕೇಳುವಾಗಲೇ ಸರಳವಾಗಿ ಹೇಳಿ: “ನಿನಗೆ ಯಾರಾದರೂ ತೊಂದರೆ ಕೊಡ್ತಿದ್ದಾರೆ ಅಂತ ಗೊತ್ತಾದರೆ ಮಾತ್ರ ನಾನು ಸುಮ್ಮನಿರೋಕಾಗಲ್ಲ.” ಇದನ್ನು ಕೇಳಿ ಅವಳು ಆ ವಿಷಯ ಹೇಳದಿರಬಹುದು. ಹೇಳದಿರುವುದು ಅವಳ ಆಯ್ಕೆ. ಗೊತ್ತಿಲ್ಲದೆ ಹೇಳಿ ಸಿಕ್ಕಿಹಾಕಿಕೊಳ್ಳುವಂತೆ ಮಾಡುವುದು ನಿಮ್ಮ ತಪ್ಪು.

ತೊಂದರೆ ಕೊಟ್ಟವರು ಮನೆಯೊಳಗಿನವರೇ ಆಗಿರಬಹುದು. ಹಾಗಿದ್ದಾಗ ‘ಮನೆಯವರ ಜೊತೆ ಸೇರಿ ಬಗೆಹರಿಸೋಣ’ ಎನ್ನುವ ಉತ್ಸಾಹ ಅಪಾಯಕಾರಿ. ವೈದ್ಯಕೀಯ ನೆರವು, ಆಪ್ತಸಮಾಲೋಚನೆ, ಕಾನೂನು ನೆರವು ಎಲ್ಲಿ ಸಿಗುತ್ತದೆ, ಅಲ್ಲಿ ಫೋನ್ ಎತ್ತುವವರು ಯಾರು ಎಂಬುದನ್ನು ಮೊದಲ ಮನೆಗೆ ಕಾಲಿಡುವ ಮುನ್ನವೇ ನೀವೇ ಒಮ್ಮೆ ಫೋನ್ ಮಾಡಿ ಖಾತ್ರಿ ಮಾಡಿಕೊಂಡಿರಬೇಕು.

ಫೋಟೊ, ಚಿತ್ರ, ನಾಟಕ ಬಳಸಬಹುದೇ?

ಬಳಸಬಹುದು. ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆನ್ ಬರಿಸ್ 1990ರ ದಶಕದಲ್ಲಿ ಚೀನಾದ ಯುನ್ನಾನ್ ಪ್ರಾಂತ್ಯದ ಹಳ್ಳಿ ಹೆಂಗಸರ ಕೈಗೆ ಕ್ಯಾಮೆರಾ ಕೊಟ್ಟು ರೂಪಿಸಿದ ‘ಫೋಟೊವಾಯ್ಸ್’ ವಿಧಾನ ಇಂಥ ಕಡೆ ಚೆನ್ನಾಗಿ ಹೊಂದುತ್ತದೆ. ತಮ್ಮ ದಿನವನ್ನು ತಾವೇ ಚಿತ್ರ ತೆಗೆದು, ಅದರ ಬಗ್ಗೆ ಮಾತಾಡುವುದು. ಈ ವಿಷಯಕ್ಕಾದರೆ ಒಂದೇ ನಿಯಮ: ಮುಖ ಬೇಡ. ಮೂಲೆಯ ಶಾಲಾ ಚೀಲ, ಒಣಹಾಕಿದ ಸಮವಸ್ತ್ರ, ಹೋಗುವ ದಾರಿ ಸಾಕು. ಮೊಬೈಲ್ ಕಾಲದಲ್ಲಿ ಫೋಟೊ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಹೇಳಲಾರರು.

ಗುಂಪು ಚರ್ಚೆಯಲ್ಲಿ ‘ನಿಮ್ಮ ಮಗಳಿಗೆ ಏನಾಯಿತು?’ ಎಂದು ಕೇಳಲೇಬೇಡಿ. ಕಟ್ಟುಕಥೆಯ ಹುಡುಗಿಯೊಬ್ಬಳನ್ನು ಇಟ್ಟುಕೊಂಡು ‘ಇವಳ ಮನೆಯವರು ಈಗ ಏನು ಮಾಡಬಹುದು?’ ಎಂದು ಕೇಳಿ. ಮಾತು ತಾನೇ ಹರಿಯುತ್ತದೆ.

ಭಾಗವಹಿಸಿದವರಿಗೆ ಹಣ ಕೊಡಬೇಕೇ?

ಅವರ ಸಮಯ, ಓಡಾಟದ ಖರ್ಚು, ತಪ್ಪಿದ ದುಡಿಮೆ ಇವನ್ನು ತುಂಬಿಕೊಡುವುದು ನ್ಯಾಯ. ಬೇಡವೆನ್ನಲಾಗದಷ್ಟು ದೊಡ್ಡ ಮೊತ್ತ ಕೊಟ್ಟರೆ ಅದು ಆಮಿಷ, ಆಗ ಹುಡುಗಿಯ ಮೇಲೆ ಮನೆಯವರೇ ಒತ್ತಡ ಹಾಕುತ್ತಾರೆ. ಮೊತ್ತ ಎಷ್ಟು, ಯಾರ ಕೈಗೆ ಎನ್ನುವುದನ್ನು ಸ್ಥಳೀಯ ಸಲಹಾ ಗುಂಪಿನ ಜೊತೆ ಕೂತು ನಿರ್ಧರಿಸಿ. ಕೂಸಿರುವ ತಾಯಂದಿರಿಗೆ ಹಣಕ್ಕಿಂತ, ಮಾತಾಡುವ ಹೊತ್ತಿನಲ್ಲಿ ಕೂಸನ್ನು ಎತ್ತಿಕೊಳ್ಳುವ ಒಬ್ಬರು ಹೆಚ್ಚು ಉಪಯೋಗ.

ವರದಿಯಲ್ಲಿ ಹೆಸರು ಬದಲಿಸಿದರೆ ಗೌಪ್ಯತೆ ಉಳಿಯಿತಲ್ಲ?

ಚಿಕ್ಕ ಸಮುದಾಯದಲ್ಲಿ ಉಳಿಯುವುದಿಲ್ಲ. ‘15 ವರ್ಷ, ಅವಳಿ ಮಕ್ಕಳು, ತಂದೆ ಚಾಲಕ’ ಎಂದು ಬರೆದರೆ ಹೆಸರೇ ಬೇಡ. ವಯಸ್ಸನ್ನು ‘15ರಿಂದ 17’ ಎಂದು ಅಗಲಿಸಿ, ಅಪರೂಪದ ವಿವರ ತೆಗೆಯಿರಿ, ಹಲವರ ಅನುಭವ ಬೆರೆಸಿ ಒಂದು ಚಿತ್ರ ಕಟ್ಟಿ, ಹಾಗೆ ಬೆರೆಸಿದ್ದೇವೆಂದು ತಿಳಿಸಿ. ಕೋಷ್ಟಕದ ಒಂದು ಚೌಕದಲ್ಲಿ ‘1’ ಅಥವಾ ‘2’ ಎಂದಷ್ಟೇ ಬಂದರೆ ಅದನ್ನು ಪಕ್ಕದ ಚೌಕಕ್ಕೆ ಸೇರಿಸಿ. ಅಚ್ಚಿಗೆ ಕೊಡುವ ಮೊದಲು ಅದೇ ಊರಿನವರೊಬ್ಬರಿಂದ, ಅಂದರೆ ನಿಮ್ಮ ಸ್ಥಳೀಯ ತಂಡದವರಿಂದಲೇ, ‘ಯಾರೆಂದು ಗುರುತು ಸಿಗುತ್ತದೆಯೇ?’ ಎಂದು ಓದಿಸಿ.

ಫಲಿತಾಂಶವನ್ನು ಮೊದಲು ಯಾರಿಗೆ ತಿಳಿಸಬೇಕು?

ಮನೆಗಳಿಗೆ. ಶಾಲೆಗೆ, ಅಧಿಕಾರಿಗಳಿಗೆ, ಹಣ ಕೊಟ್ಟವರಿಗೆ ಆಮೇಲೆ. ಪ್ರತಿ ಮನೆಯ ಕಥೆಯನ್ನಲ್ಲ, ಎಲ್ಲ ಮನೆಗಳಿಂದ ಸೇರಿ ಬಂದದ್ದನ್ನು. ಕರಡು ಇರುವಾಗಲೇ ಹೋಗಿ, ಯಾಕೆಂದರೆ ಅವರು ‘ಇದು ಹಾಗಲ್ಲ’ ಎಂದರೆ ತಿದ್ದಲು ಆಗ ಜಾಗವಿರುತ್ತದೆ. ಒಮ್ಮೆ ನಾವು ‘ಪೋಷಕರ ನಿರಾಸಕ್ತಿ’ ಎಂದು ಬರೆದಿದ್ದ ಸಾಲನ್ನು ಓದಿಸಿ ಕೇಳಿದ ತಂದೆಯೊಬ್ಬರು, “ಮೂರು ಸಲ ಶಾಲೆ ಬಾಗಿಲಿಗೆ ಹೋಗಿದ್ದೆ, ಒಳಗೆ ಕರೀಲಿಲ್ಲ. ಅದನ್ನೂ ಬರೀರಿ” ಅಂದರು. ಬರೆದೆವು. ಹಿಂದಿನ ಸಾಲು ಹೋಯಿತು.

ಹುಡುಗಿ ಮರಳಿ ಶಾಲೆಗೆ ಬರಬಹುದೇ ಎನ್ನುವುದು ಮನೆಯವರ ಮನಸ್ಸಿನ ಮೇಲೆ ಮಾತ್ರ ನಿಂತಿಲ್ಲ, ನಿಯಮದ ಮೇಲೂ ನಿಂತಿದೆ. ಸಿಯೆರಾ ಲಿಯೋನ್‌ನಲ್ಲಿ ಎಬೋಲಾ ಸಾಂಕ್ರಾಮಿಕ ರೋಗದ ನಂತರ 2015ರಲ್ಲಿ ಶಾಲೆಗಳು ತೆರೆದಾಗ ಗರ್ಭಿಣಿ ಹುಡುಗಿಯರು ತರಗತಿಗೆ ಬರುವಂತಿಲ್ಲ ಎಂಬ ನಿಷೇಧವಿತ್ತು. 2019ರ ಡಿಸೆಂಬರ್‌ನಲ್ಲಿ ಪಶ್ಚಿಮ ಆಫ್ರಿಕಾ ದೇಶಗಳ ಒಕ್ಕೂಟದ ನ್ಯಾಯಾಲಯ ಅದರ ವಿರುದ್ಧ ತೀರ್ಪು ಕೊಟ್ಟಿತು, 2020ರ ಮಾರ್ಚ್‌ನಲ್ಲಿ ಸರ್ಕಾರ ಅದನ್ನು ತೆಗೆದುಹಾಕಿತು. ಟಾಂಜಾನಿಯಾ ತನ್ನ ಇಂಥದೇ ನಿರ್ಬಂಧವನ್ನು 2021ರ ನವೆಂಬರ್‌ನಲ್ಲಿ ಕೈಬಿಟ್ಟಿತು. ನಿಮ್ಮಲ್ಲಿ ನಿಯಮ ಏನಿದೆ, ಮನೆಯವರಿಗೆ ಅದು ಗೊತ್ತಿದೆಯೇ ಎಂದು ಕೇಳಿ ನೋಡಿ. ಲಿಖಿತ ನಿಷೇಧ ಇಲ್ಲದ ಕಡೆಯೂ ‘ಇನ್ನು ಸೇರಿಸಿಕೊಳ್ಳಲ್ಲ ಬಿಡಿ’ ಎಂದು ಮನೆಯವರೇ ನಂಬಿ ಕೂತಿರುವುದುಂಟು.

ಮಧ್ಯದಲ್ಲಿ ಒಂದು ಕುಟುಂಬ ‘ಸಾಕು, ನಮ್ಮದನ್ನು ತೆಗೆದುಬಿಡಿ’ ಎಂದರೆ?

ತೆಗೆಯಿರಿ, ಕಾರಣ ಕೇಳಬೇಡಿ. ಧ್ವನಿಮುದ್ರಣ ಅಳಿಸಿ, ಅಳಿಸಿದ್ದೇವೆಂದು ತಿಳಿಸಿ. ಯಾವ ಹಂತದವರೆಗೆ ಹೀಗೆ ತೆಗೆಯಲು ಸಾಧ್ಯ, ಯಾವ ದಿನದ ನಂತರ ಅಂಕಿಗಳು ಬೆರೆತುಹೋಗುತ್ತವೆ ಎಂಬುದನ್ನು ಒಪ್ಪಿಗೆಯ ದಿನವೇ ಹೇಳಿರಬೇಕು. ಮನೆಯವರು ಬೇಡ ಅಂದು ಹುಡುಗಿ ಮಾತ್ರ ಇರಲಿ ಅಂದರೆ ತೀರ್ಮಾನವನ್ನು ನೈತಿಕ ಪರಿಶೀಲನಾ ಸಮಿತಿಗೆ ಬಿಡಿ, ಅದು ಹೇಳುವ ತನಕ ಅವಳ ಮಾತನ್ನು ಬಳಸಬೇಡಿ. ಕ್ಯಾಲೆಂಡರ್ ಹಾಳೆ ಅವರ ಕೈಬರಹದಲ್ಲಿದ್ದರೆ ಹರಿಯಬೇಡಿ, ಅವರಿಗೇ ಕೊಟ್ಟು ಬನ್ನಿ.